ಪಟ್ಟಿಗೆ ಬಿದ್ದ ಕಲ್ಲವ್ವನ ಕೂಲರ್

ಆ ಮೇ ತಿಂಗಳು ನಾಗಪುರದಲ್ಲಿ ಬಿಸಿಲು ಎಷ್ಟಿತ್ತೆಂದರೆ, ಕಾಗೆಗಳೂ ಹಾರುವುದು ಬಿಟ್ಟು ಅಂಗಡಿಗಳ ನೆರಳಿನಲ್ಲಿ ನಡೆದೇ ಹೋಗುತ್ತಿದ್ದವು. ಸದರ್ ಬಡಾವಣೆಯ ಕೂಲರ್ ರಿಪೇರಿ ಆಫೀಸಿನಲ್ಲಿ ದೂರಿನ ಫೋನ್ ಹಿಡಿದು ಹಿಡಿದು ಕೀರ್ತಿಯ ಕಿವಿ ಸುಟ್ಟ ಹಪ್ಪಳವಾಗಿತ್ತು.

ಅದಕ್ಕೇ ಕೇದಾರನಾಥ ಬಂದಿದ್ದ. ಗಿರಾಕಿ ಇಂಟರ್‌ನೆಟ್‌ನಲ್ಲಿ ದೂರು ಬರೆದರೆ ಸಾಕು, ಆಫೀಸಿನ ಮೂರೂ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಅದು ತಾನಾಗಿ ಮೂಡಬೇಕು, ಅಂಥ ಪ್ರೋಗ್ರಾಂ ಮಾಡಲು. ಎರಡು ವಾರದ ಕೆಲಸಕ್ಕೆ ಎರಡು ತಿಂಗಳಾಗಿತ್ತು. ಇವತ್ತೇ ಕಡೇ ದಿನ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ನಾಳೆಯಿಂದ ಕೀರ್ತಿಯ ಎದುರು ಕೂರಲು ಅವನಿಗೆ ನೆವವೇ ಇಲ್ಲ.

ಬಾಯಿ ಹೇಳಬೇಕಾದ್ದನ್ನು ಇನ್ನೂ ಹೇಳಿರಲಿಲ್ಲ. ಕೈ ಮಾತ್ರ ಪರೀಕ್ಷೆಗೆಂದು ಒಂದು ಸುಳ್ಳು ದೂರು ಬರೆಯಿತು: ಕಲ್ಲವ್ವ, ಬಜಾಜ್ ನಗರ, ಕೂಲರ್‌ನಲ್ಲಿ ಗಾಳಿ ಬರುತ್ತಿಲ್ಲ. ತನ್ನ ತಾಯಿಯ ಹೆಸರು, ಮನೆಯ ಫೋನ್ ನಂಬರು. ಬರೆದು ನೀರು ಕುಡಿಯಲು ಎದ್ದುಹೋದ.

ತಿರುಗಿ ಬರುವಷ್ಟರಲ್ಲಿ ಕೀರ್ತಿ ಆ ನಂಬರಿಗೆ ಫೋನ್ ಹಚ್ಚಿದ್ದಳು.

“ಕಲ್ಲವ್ವನವರಾ? ಕೂಲರ್ ಕೆಟ್ಟೈತಂತಲ್ರಿ? ಏನು, ಬರೋಬರ್ ಐತಾ? ಯಾರು, ಪ್ರೋಗ್ರಾಂ ಮಾಡಾವ್ರು ನಿಮ್ಮ ಮಗಾನಾ?”

ಅವಳ ಕಣ್ಣು ಮೆಲ್ಲಗೆ ಮೇಲೆದ್ದು ಕೇದಾರನಾಥನ ಮುಖಕ್ಕೆ ಬಂದು ನಿಂತಿತು. ಅವನು ಮೇಜಿನ ಕೆಳಗೆ ಬಗ್ಗಿ, ಸರಿಯಾಗೇ ಇದ್ದ ವೈರನ್ನು ಸರಿಮಾಡತೊಡಗಿದ.

“ಊಟಕ್ಕ ಕುಂತ್ರೂ ನನ್ನ ಸುದ್ದೀನಾ? ಅಯ್ಯ! ಪ್ರೋಗ್ರಾಂ ಬೇಕಂತ ಕೆಡಸ್ತಾರಾ? ಹೂಂ ಅವ್ವಾರ, ಕೇಳ್ತೀನ್ರಿ.”

ಫೋನ್ ಇಟ್ಟಳು.

“ಮ್ಯಾಲ ಏಳ್ರಿ. ಪ್ರೋಗ್ರಾಂ ಎಷ್ಟು ಸಲ ಕೆಟ್ಟಿತ್ತು?”

“ಏಳು.”

“ನೀವು ಕೆಡಿಸಿದ್ದೆಷ್ಟು ಸಲ?”

“...ಏಳು.”

ನಗು ತಡೆಯಲು ಅವಳು ತುಟಿ ಕಚ್ಚಿದಳು. ಕೆನ್ನೆ ಕೇಳಬೇಕಲ್ಲ? “ನಿಮಗಿಂತ ನಿಮ್ಮವ್ವಾರೇ ಚಲೋ ಪ್ರೋಗ್ರಾಂ. ಒಂದು ಬಟನ್ ಒತ್ತಿದ್ದಕ್ಕ ಎಲ್ಲಾ ಹೇಳಿದ್ರು. ನಿಮ್ಮ ಬಾಯಿಲೆ ಏನೂ ಬರಂಗಿಲ್ಲೇನು?”

“ನಾಳೆಯಿಂದ ನಿಮ್ಮನ್ನ ನೋಡ್ದ ಹೆಂಗ ಇರ್ಲಿ, ಕೀರ್ತಿ?”

ಅವಳು ಕೀಬೋರ್ಡ್ ಎಳೆದುಕೊಂಡು ಕಲ್ಲವ್ವನ ದೂರಿನ ಮುಂದೆ ಏನೋ ಬರೆದಳು. ಮೂರೂ ಕಂಪ್ಯೂಟರ್‌ಗಳಲ್ಲಿ ಒಮ್ಮೆಗೇ ಮೂಡಿತು: ಭಾನುವಾರ ಸಂಜೆ, ಮನೆಗೇ ಹೋಗಿ ನೋಡಬೇಕು.

ಒಳಗಿನ ಕೋಣೆಯಿಂದ ಮೆಕ್ಯಾನಿಕ್ ದತ್ತು, ಬಜಾಜ್ ನಗರಕ್ಕೆ ತಾನು ಹೋಗಲೇ ಎಂದು ಮರಾಠಿಯಲ್ಲಿ ಕೂಗಿದ, “ತಾಈ, ಬಜಾಜ್ ನಗರಲಾ ಮೀ ಜಾಊ ಕಾ?”

“ನಕೋ ದತ್ತುಭಾವು,” ಎಂದಳು ಕೀರ್ತಿ, ಕೇದಾರನಾಥನನ್ನೇ ನೋಡುತ್ತಾ. “ಮೀಚ್ ಜಾತೆ.”

ಬೇಡ, ನಾನೇ ಹೋಗುತ್ತೇನೆ ಎಂದು ಅವಳು ಅಂದಳೋ ಇಲ್ಲವೋ, ಕೇದಾರನಾಥ ಎಂಟನೇ ಸಲ ಕೆಡಿಸದೆ ಪ್ರೋಗ್ರಾಂ ಮುಗಿಸಿಬಿಟ್ಟ.