ಒಂಬತ್ತು ಜೇನುಪೆಟ್ಟಿಗೆ

ಒಂಬತ್ತು ಕಲ್ಲುಗಳಿದ್ದವು. ಅವುಗಳ ಮೇಲಿರಬೇಕಾದ ಒಂಬತ್ತು ಜೇನುಪೆಟ್ಟಿಗೆಗಳಲ್ಲಿ ಒಂದೂ ಇರಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ತೋಟಕ್ಕೆ ಬಂದ ಜೇನಕ್ಕ ಅಳುತ್ತಾ ಕೂರಲಿಲ್ಲ. "ರಾತ್ರಿ ತರಕಾರಿ ಲಾರಿಯವನು ಹೇರಿಕೊಂಡು ಹೋದ, ಕಣ್ಣಾರೆ ಕಂಡೆ" ಎಂದು ಅವಳ ಸ್ವಂತ ಅಣ್ಣ, ಊರ ಬಡಗಿ, ಹೇಳಿದ್ದೇ ತಡ, ರಸ್ತೆಗೆ ಓಡಿದಳು. ಕಡಲತೀರದಿಂದ ವಾಪಸಾಗುತ್ತಿದ್ದ ಖಾಲಿ ಲಾರಿಗೆ ಅಡ್ಡ ನಿಂತಳು. ಲಾರಿ ನಿಲ್ಲಬೇಕು, ಇಲ್ಲವೇ ಅವಳ ಮೇಲೆ ಹರಿಯಬೇಕು. ನಿಂತಿತು.

ಹತ್ತರ ಬಸ್ಸಿನಿಂದ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರಮ್ಮ ಇಳಿದಾಗಲೂ ಅವಳು ಲಾರಿಗೆ ಅಡ್ಡ ನಿಂತೇ ಇದ್ದಳು. ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಕಡಲತೀರದಲ್ಲಿದ್ದರು. ಅಲ್ಲಿ ಮರಳಿಗಿಂತ ಜನವೇ ಹೆಚ್ಚು. ಒಂದು ದಿನವಾದರೂ ಕಿವಿಗೆ ಬಿಡುವು ಸಿಗಲಿ ಎಂದು ಇಪ್ಪತ್ತು ಮೈಲಿ ಒಳನಾಡಿನ ಈ ಊರಿಗೆ ಬಂದಿದ್ದರು. ಸಿಕ್ಕಿದ ಬಿಡುವು ಇದು!

"ನಾನು ಕದ್ದಿಲ್ಲಮ್ಮ," ಲಾರಿ ಚಾಲಕ ಕೈಮುಗಿದ. "ಕಡಲತೀರದ ಹೋಟೆಲಿಗೆ ತರಕಾರಿ ಇಳಿಸಿ ಬಂದೆ, ಅಷ್ಟೇ."

"ಆ ಹೋಟೆಲಿನೋರೇ ಕದಿಸಿದ್ದಾರೆ," ಜೇನಕ್ಕ ಗುಡುಗಿದಳು. "ಪೆಟ್ಟಿಗೇಲಿ ಜೇನು ಇರೋವರೆಗೂ ತೋಟ ನಂದು, ಇಲ್ದಿದ್ರೆ ಅಣ್ಣಂದು ಅಂತ ಅಪ್ಪ ಬರೆದಿಟ್ಟಿದ್ದಾರೆ. ನಾಳೆ ವಕೀಲರು ನೋಡೋಕೆ ಬರ್ತಾರೆ. ನನ್ನ ತೋಟದ ಜಾಗದಲ್ಲಿ ಇನ್ನೊಂದು ಹೋಟೆಲ್ ಕಟ್ಟಬೇಕಂತೆ ಅವ್ರಿಗೆ. ನಾನು ಕೊಡಲ್ಲ."

"ಬಿಟ್ಟುಬಿಡಮ್ಮ," ಎಂದ ಅಣ್ಣ. "ಅಂಥೋರ ಜೊತೆ ಗುದ್ದಾಡೋಕಾಗುತ್ತಾ?"

"ಆಗುತ್ತೆ."

ಇನ್ಸ್‌ಪೆಕ್ಟರಮ್ಮನಿಗೆ ಆ ಒಂದು ಮಾತು ಹಿಡಿಸಿಬಿಟ್ಟಿತು. ಅಣ್ಣನ ಕಡೆ ತಿರುಗಿದರು.

"ಲಾರಿಯವನ ಜೊತೆ ಯಾರಿದ್ರು?"

"ಒಬ್ನೇ ಇದ್ದ."

"ಒಂಬತ್ತನ್ನೂ ಒಬ್ನೇ ಹೇರಿದ್ನಾ? ನೀವು ಕೂಗಲಿಲ್ವಾ?"

"ಹೆದರಿಕೆ ಆಯ್ತು."

"ಒಬ್ಬನಿಗೆ?"

ಹೆದರಿದವರೆಲ್ಲ ಕಳ್ಳರಲ್ಲ. ಇನ್ಸ್‌ಪೆಕ್ಟರಮ್ಮ ತೋಟ ಎಲ್ಲಿ ಎಂದು ಕೇಳಿಕೊಂಡು ಒಬ್ಬರೇ ಹೊರಟರು.

* * *

ತೋಟದಲ್ಲಿ ಹೆಜ್ಜೆಗುರುತು ಹುಡುಕುವ ಹಾಗಿರಲಿಲ್ಲ. ಬೆಳಗ್ಗಿನಿಂದ ಅರ್ಧ ಊರೇ ತುಳಿದಾಡಿತ್ತು. ಆದರೆ ಬೋಳು ಕಲ್ಲುಗಳ ಮೇಲೆ ಈಗ ಏನೋ ಕಪ್ಪಗೆ ಮುತ್ತಿಕೊಂಡಿತ್ತು. ಹತ್ತಿರ ಹೋದರು. ಒಂದು ಜೇನುನೊಣ ಕಿವಿಗೆ ಕುಟುಕಿಯೇಬಿಟ್ಟಿತು. ಕಿವಿ ಉಜ್ಜಿಕೊಳ್ಳುತ್ತಾ ಬಂದ ದಾರಿಯಲ್ಲೇ ವಾಪಸಾದರು.

"ಜೇನಕ್ಕ, ಬೆಳಗ್ಗೆ ಕಲ್ಲುಗಳ ಮೇಲೆ ಜೇನುನೊಣ ಇದ್ವಾ?"

"ಒಂದೂ ಇರಲಿಲ್ಲ."

"ಈಗ ಸಾವಿರಗಟ್ಟಲೆ ಇವೆ."

ಜೇನಕ್ಕ ಹಣೆ ಚಚ್ಚಿಕೊಂಡಳು. ಬೆಳಗ್ಗೆಯಿಂದ ಅವಳು ರಸ್ತೆ ಬಿಟ್ಟು ಕದಲಿರಲಿಲ್ಲ.

"ನಾನೆಂಥಾ ದಡ್ಡಿ! ಪೆಟ್ಟಿಗೆ ಹತ್ತಿರಾನೇ ಇವೆ ಅಮ್ಮ! ಜೇನುನೊಣಕ್ಕೆ ಜಾಗದ ನೆನಪು ಹೋಗಲ್ಲ. ಪೆಟ್ಟಿಗೇನ ಒಂದೆರಡು ಮೈಲಿ ಒಳಗೆ ಎತ್ತಿಟ್ರೆ, ಬೆಳಗ್ಗೆ ಹೂವಿಗೆ ಹೋದ ನೊಣ ಹಳೇ ಜಾಗಕ್ಕೇ ವಾಪಸ್ ಬರುತ್ತೆ. ಕಡಲತೀರಕ್ಕೆ ಹೋಗಿದ್ರೆ ಒಂದೂ ಬರ್ತಿರಲಿಲ್ಲ."

"ಹಾಗಾದ್ರೆ ಲಾರಿ ಕಥೆ?"

ಎಲ್ಲರೂ ಬಡಗಿಯತ್ತ ನೋಡಿದರು. ಲಾರಿಯ ಕಥೆ ಹೇಳಿದ್ದು ಇಡೀ ಊರಿನಲ್ಲಿ ಅವನೊಬ್ಬನೇ.

* * *

ಬಡಗಿಯ ಮರದ ಕೊಟ್ಟಿಗೆ ತೋಟದಿಂದ ಒಂದು ಕೂಗಳತೆ ದೂರ. ಬಾಗಿಲಿಗೆ ಬೀಗವಿತ್ತು. ಹಲಗೆಗಳ ಸಂದಿಯಿಂದ ಮಾತ್ರ ಜೇನುನೊಣಗಳು ಒಂದೊಂದಾಗಿ ಹೊರಬೀಳುತ್ತಿದ್ದವು.

ಇನ್ಸ್‌ಪೆಕ್ಟರಮ್ಮ ಕೈ ಚಾಚಿದರು. ಬಡಗಿ ಕೀಲಿ ಕೊಟ್ಟ. ಒಳಗೆ, ಹೊಸ ಹಲಗೆಗಳ ಮರೆಯಲ್ಲಿ, ಒಂಬತ್ತೂ ಪೆಟ್ಟಿಗೆಗಳು ಸಾಲಾಗಿದ್ದವು. ಪಕ್ಕದಲ್ಲಿ ಕೈಗಾಡಿ. ಗಾಡಿಯ ಮೇಲೆ ಮುಖಕ್ಕೆ ಹಾಕುವ ಬಲೆ.

"ಪೆಟ್ಟಿಗೆ ಬಾಯಿ ಮುಚ್ಚಿಟ್ಟಿದ್ರೆ ಒಂದು ನೊಣಾನೂ ಹೊರಗೆ ಬರ್ತಿರಲಿಲ್ಲ, ನೀವೂ ಸಿಕ್ಕಿಬೀಳ್ತಿರಲಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. "ಯಾಕೆ ತೆಗೆದ್ರಿ?"

"ಉಸಿರುಕಟ್ಟಿ ಸಾಯ್ತವೇನೋ ಅಂತ..." ಬಡಗಿ ತಲೆ ತಗ್ಗಿಸಿದ. "ಪೆಟ್ಟಿಗೆ ಮಾಡೋದಷ್ಟೇ ನಂಗೆ ಗೊತ್ತು. ಅವು ಹಳೇ ಜಾಗಕ್ಕೆ ಹೋಗ್ತವೆ ಅಂತ ಗೊತ್ತಿರಲಿಲ್ಲ."

ಮೂವತ್ತು ವರ್ಷ ಜೇನಿಗೆ ಮನೆ ಕಟ್ಟಿಕೊಟ್ಟವನು ಒಂದು ದಿನವಾದರೂ ತೋಟದಲ್ಲಿ ಕೂತು ನೋಡಿದ್ದರೆ ಗೊತ್ತಾಗುತ್ತಿತ್ತು.

"ತೋಟ ನಂದಾದ್ರೆ ಹೋಟೆಲಿನೋರಿಗೆ ಮಾರೋಣ ಅಂದ್ಕೊಂಡೆ, ನನ್ನ ಕೈಲಾಗಲಿಲ್ಲ. ನಾಳೆ ಇನ್ನೊಬ್ಬರ ಕೈಲಾಗುತ್ತೆ," ಅಣ್ಣನ ದನಿ ಏರಿತು. "ಅವ್ರು ಬಿಡ್ತಾರಾ? ಊರಿಗೆ ಊರೇ ಮಾರುತ್ತೆ ನೋಡು!"

"ಮಾರಲಿ. ಊರೆಲ್ಲ ಮಾರಿದ್ರೂ ನಡುಮಧ್ಯೆ ನನ್ನ ತೋಟ ಇರುತ್ತೆ. ಅವ್ರ ಹೋಟೆಲಿಗೆ ಬಂದೋರು ನನ್ನ ಬೇಲಿ ಸುತ್ತಿಕೊಂಡೇ ಹೋಗ್ಲಿ."

ಲಾರಿ ಚಾಲಕನಿಗೆ ಬೆಳಗ್ಗಿನಿಂದ ಮೊದಲ ಸಲ ನಗು ಬಂತು. ಜೇನಕ್ಕ ಅವನ ಎದುರು ನಿಂತು, "ತಪ್ಪಾಯ್ತಪ್ಪ" ಎಂದಳು. ದನಿ ತಗ್ಗಿಸದೆ, ಎಲ್ಲರಿಗೂ ಕೇಳುವ ಹಾಗೆ.

"ಪೊಲೀಸರಿಗೆ ಹೇಳಿಕಳಿಸಲಾ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಬೇಡ ಅಮ್ಮ. ತಂದೋನೇ ವಾಪಸ್ ಇಡ್ತಾನೆ. ಈಗಲೇ. ಊರಬೀದಿಯಲ್ಲೇ, ಒಂದೊಂದಾಗಿ, ತಲೆ ಮೇಲೆ ಹೊತ್ತು."

ಬಡಗಿ ಮೆಲ್ಲಗೆ ಕೈಗಾಡಿಯತ್ತ ಹೋಗಿ ಬಲೆಗೆ ಕೈಹಾಕಿದ. ಜೇನಕ್ಕ ಅದನ್ನು ಕಿತ್ತುಕೊಂಡಳು.

"ಕದಿಯೋವಾಗ ಮುಖ ಮುಚ್ಕೊಂಡಿದ್ದೆ ಅಣ್ಣ. ವಾಪಸ್ ಇಡೋವಾಗ ತೆರೆದಿರ್ಲಿ."