ಮೂರು ಸಾವಿರದ ಇನ್ನೂರ ಹದಿನೆಂಟು ಬೈಟ್

ಪ್ರೇಮಪತ್ರ ಓದಿದ ಮನುಷ್ಯ ಇಷ್ಟು ನಿರಾಳವಾಗಿ ಸ್ಕ್ರೂ ಬಿಚ್ಚಲು ಸಾಧ್ಯವೇ?

ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಭಾನುವಾರದ ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಅರ್ಧದವರೆಗೆ ಬಂದಿತ್ತು. ಅವನು ಹಳೆಯ ಕಂಪ್ಯೂಟರಿನ ತಗಡು ತೆಗೆದು, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿಟ್ಟು, ಫ್ಯಾನಿನ ಧೂಳನ್ನು ಬ್ರಶ್‌ನಿಂದ ತೆಗೆಯುತ್ತಿದ್ದ. ಜಾರುವ ಕನ್ನಡಕವನ್ನು ನಡುನಡುವೆ ಮಣಿಕಟ್ಟಿನಿಂದ ಮೇಲೆ ತಳ್ಳಿಕೊಳ್ಳುತ್ತಿದ್ದ. ಆ ಕನ್ನಡಕ ಮಾಡಿಕೊಟ್ಟವಳು ಅವಳೇ. ಬೀದಿಯ ತುದಿಯಲ್ಲಿ ಅವಳದೊಂದು ಕನ್ನಡಕದಂಗಡಿ ಇತ್ತು.

ಅವನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಬೀದಿಗೆಲ್ಲ ಅವನು ‘ಮೇಷ್ಟ್ರು’. ಮುದಿ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ ಹಾಕಿ ಎಬ್ಬಿಸಿ ಕೂರಿಸುವುದು ಅವನ ರಜಾದಿನದ ಹುಚ್ಚು. ಈ ಕಂಪ್ಯೂಟರು ಅವಳ ಚಿಕ್ಕಮ್ಮನದು. ಹದಿನಾಲ್ಕು ವರ್ಷ ದುಡಿದದ್ದು. ಹಳೆಯ ಸಿಸ್ಟಮ್‌ಗೆ ಅಪ್‌ಡೇಟ್ ಬರುವುದು ನಿಂತು ಬ್ಯಾಂಕಿನ ಪುಟವೂ ತೆರೆಯದಾದಾಗ, ಹೊಸದು ತರೋಣ ಎಂದಿದ್ದಳು ಅವಳು.

“ಇದಕ್ಕೇನು ಬಂದಿದೆ ದಾಡಿ? ನನಗೂ ವಯಸ್ಸಾಗಿದೆ, ನನ್ನನ್ನೂ ಬದಲಾಯಿಸ್ತೀಯಾ?” ಎಂದು ಚಿಕ್ಕಮ್ಮ ಗದರಿದ್ದರಿಂದ ಮೇಷ್ಟ್ರನ್ನು ಕರೆಸಬೇಕಾಯಿತು.

ಮೊದಲ ಭಾನುವಾರ ಅವನು ಪರೀಕ್ಷೆ ಮಾಡಿ, ಪೆನ್ಸಿಲಿನಲ್ಲಿ ಪಟ್ಟಿ ಬರೆದುಕೊಂಡು ಎದ್ದ. “ಮುಂದಿನ ವಾರ ಎಲ್ಲ ಫೈಲೂ ಕಾಪಿ ಮಾಡ್ಕೋತೀನಿ. ಒಂದನ್ನೂ ಬಿಡಲ್ಲ,” ಎಂದ.

ಆ ಮಾತು ಅವಳ ತಲೆ ಹೊಕ್ಕಿತು. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದಿಟ್ಟರೆ? ಬುಧವಾರ ಅಂಗಡಿಗೆ ಬೀಗ ಹಾಕಿ ಬಂದು, ಚಿಕ್ಕಮ್ಮನ ಕಂಪ್ಯೂಟರಿನ ಮುಂದೆ ಕೂತು, ಅಳಿಸಿ ಬರೆದು, ಬರೆದು ಅಳಿಸಿ, ಒಂದು ಪತ್ರ ಮುಗಿಸಿದಳು. ಪರದೆಯ ನಟ್ಟನಡುವೆ, ಕುರುಡನಿಗೂ ಕಾಣುವಂತೆ ಇಟ್ಟಳು. ಫೈಲಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಮೇಷ್ಟ್ರಿಗೆ’ ಎಂದು ಹೆಸರು ಕೊಟ್ಟಳು.

ಎರಡನೆಯ ಭಾನುವಾರ ಅವನು ಬಂದ, ಎಲ್ಲವನ್ನೂ ಕಾಪಿ ಮಾಡಿದ, ಕಾಫಿ ಕುಡಿದ, “ಬರ್ತೀನಿ” ಎಂದು ಹೋದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ವಾರವಿಡೀ ಅವಳು ಗಿರಾಕಿಗಳ ಮೇಲೆ ಸಿಡುಕಿದಳು.

ಇವತ್ತು ಮೂರನೆಯದು. ಇವತ್ತಿಗೆ ಕೆಲಸ ಮುಗಿಯುತ್ತದೆ. ಇನ್ನು ಈ ಮನೆಗೆ ಬರಲು ಅವನಿಗೆ ನೆಪವೇ ಇಲ್ಲ.

“ಪುಟ್ಟೀ, ಮೇಷ್ಟ್ರಿಗೆ ಕಾಫಿ ಕೊಡೇ. ಬಾಗಿಲಿಗೆ ಆನಿಕೆ ಕೊಟ್ಟ ಹಾಗೆ ನಿಂತಿದ್ದೀಯಲ್ಲ!” ಚಿಕ್ಕಮ್ಮ ಒಳಗಿಂದ ಕೂಗಿದರು.

ಅವಳು ಲೋಟವನ್ನು ಠಣ್ ಎನಿಸಿ ಇಟ್ಟಳು. ಅವನು ತಲೆಯೆತ್ತಿ ನೋಡಿದ. ಒಂದು ಕ್ಷಣ ಏನೋ ಕೇಳುವವನಂತೆ ತುಟಿ ತೆರೆದು, ಮತ್ತೆ ಬ್ರಶ್ಶಿನತ್ತ ತಿರುಗಿದ.

ಹನ್ನೊಂದಕ್ಕೆಲ್ಲ ಹೊಸ ಸಿಸ್ಟಮ್ ಕೂತಿತು. ಪರದೆಯ ಮೇಲೆ ತಿಳಿನೀಲಿ ಹರಡಿತು. ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಬಂದರು.

“ನನ್ನ ಇಸ್ಪೀಟಾಟ ಎಲ್ಲಿ?”

“ಇಲ್ಲಿದೆ ಅಮ್ಮಾ. ಎಲೆಗಳ ಬಣ್ಣ ಮಾತ್ರ ಬೇರೆ.”

“ಬಾಡಿಗೆ ಮನೆ ಬದಲಾಯಿಸಿದ ಹಾಗಾಯ್ತು. ಸೌಟು ಎಲ್ಲಿ, ಉಪ್ಪು ಎಲ್ಲಿ ಅಂತ ಹುಡುಕ್ಬೇಕು.” ಹೀಗೆ ಗೊಣಗುತ್ತಲೇ ಎರಡು ಆಟ ಗೆದ್ದು, ಪ್ರಸನ್ನರಾಗಿ ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದರು.

ಅವನು ಫೈಲುಗಳನ್ನು ಮರಳಿ ತುಂಬಿಸಿದ. ಸಂಖ್ಯೆಗಳ ಸಾಲು ಓಡತೊಡಗಿತು.

“ಇದೇನು?” ತಡೆಯಲಾರದೆ ಕೇಳಿದಳು.

“ತಾಳೆ ನೋಡ್ತಿದ್ದೀನಿ. ಪ್ರತಿ ಫೈಲಿಗೂ ಲೆಕ್ಕ ಹಾಕಿದ ಒಂದು ಸಂಖ್ಯೆ ಇರುತ್ತೆ. ಒಳಗೆ ಒಂದು ಅಕ್ಷರ ಬದಲಾದ್ರೂ ಸಂಖ್ಯೆ ಬದಲಾಗುತ್ತೆ. ಹನ್ನೊಂದು ಸಾವಿರ ಫೈಲು, ಎಲ್ಲ ಕ್ಷೇಮ.”

“ತೆಗೆದು ಓದಿ ನೋಡೋದಿಲ್ವಾ?”

“ಓದೋದಾ?” ಅವನು ನಿಜಕ್ಕೂ ಗಾಬರಿಯಾದ. “ಛೆ, ಛೆ. ಯಾರ ಮನೆಯ ಒಂದು ಫೈಲನ್ನೂ ನಾನು ತೆಗೆಯಲ್ಲ. ಸಾಮಾನು ಸಾಗಿಸೋನು ಪೆಟ್ಟಿಗೆ ಬಿಚ್ಚಿ ನೋಡಬಹುದಾ, ಹೇಳಿ?”

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಏಳು ದಿನ! ಏಳು ದಿನ ತಾನು ಈ ಮನುಷ್ಯನನ್ನು ಕಲ್ಲುಹೃದಯದವನೆಂದು ಬೈದದ್ದೇನು, ದಿಂಬಿಗೆ ಮುಖ ಒತ್ತಿದ್ದೇನು!

“ಪೆಟ್ಟಿಗೆ ಮೇಲೆ ನಿಮ್ಮ ಹೆಸರೇ ಬರೆದಿದ್ರೂ?”

ಅವನ ಕಿವಿ ಕೆಂಪಾಯಿತು. ಮೊದಲು ಬಲಗಿವಿ, ಆಮೇಲೆ ಎಡಗಿವಿ.

“ಹೆಸರು ನೋಡಿದೆ,” ಎಂದ ಮೆಲ್ಲಗೆ. “ಆದ್ರೆ ನಾನೊಬ್ಬನೇ ಮೇಷ್ಟ್ರಾ? ನಿಮ್ಮ ಚಿಕ್ಕಮ್ಮನಿಗೆ ಈಜು ಕಲಿಸೋರೂ ಮೇಷ್ಟ್ರೇ. ಕಂಪ್ಯೂಟರ್ ಅವರದು. ಅವರು ಬರೆದದ್ದಾಗಿದ್ರೆ?”

“ಚಿಕ್ಕಮ್ಮ? ಈಜಿನ ಮೇಷ್ಟ್ರಿಗೆ?”

“ಯಾರಿಗೆ ಗೊತ್ತು, ಕಾಲು ಬಡಿಯೋ ವಿಷಯ ಏನಾದ್ರೂ... ಮೂರು ಸಾವಿರದ ಇನ್ನೂರ ಹದಿನೆಂಟು ಬೈಟ್ ಇತ್ತು.”

“ಹನ್ನೊಂದು ಸಾವಿರ ಫೈಲಿನ ಅಳತೆಯೂ ನಿಮಗೆ ಬಾಯಿಪಾಠವಾ?”

ಅವನು ಖಾಲಿಯಾದ ಸ್ಕ್ರೂ ತಟ್ಟೆಯನ್ನು ನೋಡಿದ. “ಇಲ್ಲ. ಇದೊಂದರದ್ದು ಮಾತ್ರ.”

ಹಿತ್ತಲಲ್ಲಿ ಬಟ್ಟೆ ಕೊಡವುವ ಸದ್ದು ಕೇಳಿಸುತ್ತಿತ್ತು. ಅವಳು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

“ಬರೆದವಳು ನಾನು. ಬರೆದದ್ದು ನಿಮಗೆ. ಈಗ ತೆಗೀರಿ.”

ಅವನು ಶರ್ಟಿನ ತುದಿಯಲ್ಲಿ ಬೆರಳು ಒರೆಸಿಕೊಂಡು ಕ್ಲಿಕ್ ಮಾಡಿದ.

ಪರದೆಯ ತುಂಬ ಕೊಕ್ಕೆಗಳು, ಕೊಂಬುಗಳು, ತಲೆಬುಡವಿಲ್ಲದ ಚಿಹ್ನೆಗಳು. ಕನ್ನಡದ ಒಂದಕ್ಷರವೂ ಇಲ್ಲ.

ಅವಳು ಬಾಯಿಗೆ ಕೈ ಇಟ್ಟುಕೊಂಡಳು. “ಅಯ್ಯೋ, ಹಾಳಾಗಿ ಹೋಯ್ತಾ?”

“ಇಲ್ಲ ಇಲ್ಲ, ಒಂದು ಬೈಟೂ ಹಾಳಾಗಿಲ್ಲ,” ಅವನು ಅವಸರದಿಂದ ಹೇಳಿದ. “ನೀವು ಬರೆದದ್ದು ಹಳೇ ಟೈಪಿಂಗ್ ಸಾಫ್ಟ್‌ವೇರಲ್ಲಿ. ಅದರ ಫಾಂಟ್ ಬೇರೆ, ಹೊಸದಕ್ಕೆ ಅದು ಓದೋಕೆ ಬರಲ್ಲ. ಹತ್ತು ನಿಮಿಷ ಕೊಡಿ, ಬದಲಾಯಿಸೋ ಪ್ರೋಗ್ರಾಂ ಇದೆ, ಪೂರ್ತಿ ಯೂನಿಕೋಡ್‌ಗೆ...”

“ಬೇಡ.”

“ಐದೇ ನಿಮಿಷ.”

“ಬೇಡ ಅಂದ್ನಲ್ಲ. ಬರೆದವಳು ಇಲ್ಲೇ ಕೂತಿದ್ದೀನಿ.”

ಅವಳು ಪರದೆಯನ್ನೇ ನೋಡುತ್ತ, ಆ ಕೊಕ್ಕೆಗಳನ್ನೇ ಓದುವವಳಂತೆ, ಶುರುಮಾಡಿದಳು.

“ಮೇಷ್ಟ್ರೇ, ನನ್ನಂಗಡಿಗೆ ಬಂದವರೆಲ್ಲ ಕಣ್ಣು ಪರೀಕ್ಷೆಯ ಕೊನೇ ಸಾಲಿಗೆ ಬಂದಾಗ ಊಹೆ ಮಾಡ್ತಾರೆ. ಕಾಣದಿದ್ರೂ ಏನೋ ಒಂದು ಅಕ್ಷರ ಹೇಳ್ತಾರೆ. ಫೇಲಾಗೋಕೆ ಯಾರಿಗೂ ಇಷ್ಟ ಇಲ್ಲ. ನೀವೊಬ್ಬರೇ, ‘ಊಹಿಸಬಹುದು, ಆದ್ರೆ ಕಾಣ್ತಿಲ್ಲ’ ಅಂದ್ರಿ. ಇಂಥವರ ಜೊತೆ ಇದ್ರೆ ಯಾವತ್ತೂ ಕಣ್ಣು ಕಿರಿದು ಮಾಡ್ಕೊಂಡು ಅವರ ಮನಸ್ಸು ಓದೋ ಕಷ್ಟ ಇರಲ್ಲ ಅಂತ ಅವತ್ತೇ ಅನ್ನಿಸ್ತು. ಆಮೇಲೆ ನೀವು ಫ್ರೇಮ್ ಸಡಿಲ ಅಂತ ಎರಡು ಸಲ ಬಂದ್ರಿ. ಎರಡು ಸಲವೂ ನಾನು ಬೇಕಂತಲೇ ಸ್ವಲ್ಪ ಸಡಿಲವಾಗೇ ಬಿಟ್ಟೆ. ಅದಕ್ಕೇ ಇನ್ನೂ ಜಾರ್ತಿರೋದು.”

ಅವಳು ಉಸಿರೆಳೆದುಕೊಂಡಳು. “ನನಗೆ ನೀವಂದ್ರೆ ಇಷ್ಟ. ತುಂಬ ದಿನದಿಂದ. ಇನ್ನೂ ಎರಡು ಪ್ಯಾರಾ ಇತ್ತು, ಮರೆತುಹೋಯ್ತು.”

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಬರಿಗಣ್ಣಿನಲ್ಲಿ ಅವನ ನೋಟ ಮಗುವಿನದಂತೆ ತೆರೆದಿತ್ತು.

“ಈ ವಾರ ಮಾತ್ರ ನಾನೂ ಊಹೆ ಮಾಡಿದೆ,” ಎಂದ. “ಆ ಹೆಸರು ನೋಡಿದಾಗಿಂದ. ಕ್ಲಾಸಲ್ಲಿ ನಿಂತು, ಬಸ್ಸಲ್ಲಿ ಕೂತು, ದಿನಾ. ಊಹೆ ತಪ್ಪಾಗಿಬಿಟ್ರೆ ಅಂತ ಹೆದರಿ ಬಾಯಿಬಿಡಲಿಲ್ಲ. ನನಗೂ... ಅಂದ್ರೆ, ನೀವಂದ್ರೆ ನನಗೂ...”

“ಪೂರ್ತಿ ಹೇಳಿ ಮೇಷ್ಟ್ರೇ. ಅರ್ಧ ಉತ್ತರಕ್ಕೆ ನೀವು ಅಂಕ ಕೊಡ್ತೀರಾ?”

“ನನಗೂ ನೀವಂದ್ರೆ ಇಷ್ಟ. ತುಂಬ.”

ಮೌಸಿನ ಮೇಲಿದ್ದ ಅವನ ಕೈ ಮೇಲೆ ಅವಳು ಕೈ ಇಟ್ಟಳು. ಅವನ ಬೆರಳು ಎಲ್ಲೋ ಒತ್ತಿತು. ಪರದೆಯ ಮೇಲೆ ಇಸ್ಪೀಟಿನ ಎಲೆಗಳು ಹರಡಿಕೊಂಡವು. ಇಬ್ಬರೂ ಅದನ್ನು ಗಮನಿಸಲಿಲ್ಲ.

ಬಾಗಿಲಲ್ಲಿ ಚಿಕ್ಕಮ್ಮ ಖಾಲಿ ಬಕೆಟ್ ಹಿಡಿದು ನಿಂತಿದ್ದರು.

“ಕೆಲಸ ಮುಗೀತಾ ಮೇಷ್ಟ್ರೇ?”

ಅವನು ಎದ್ದೇ ನಿಂತ. ಸುಳ್ಳು ಹೇಳಲು ಬಾರದವನು. “ಮುಗೀತು ಅಮ್ಮಾ. ಮುಂದಿನ ಭಾನುವಾರವೂ ಬರ್ತೀನಿ.”

“ಮತ್ತೆ ಯಾಕೆ?”

“ನನ್ನ ನೋಡೋಕೆ ಚಿಕ್ಕಮ್ಮ,” ಎಂದಳು ಅವಳು. ಧ್ವನಿ ಅಲುಗಲಿಲ್ಲ.

ಚಿಕ್ಕಮ್ಮ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಬಕೆಟ್ ಕೆಳಗಿಟ್ಟು ನಿಟ್ಟುಸಿರುಬಿಟ್ಟರು.

“ಅಷ್ಟೇ ತಾನೆ? ನಾನೆಲ್ಲೋ ಮತ್ತೆ ಕಂಪ್ಯೂಟರ್ ಬಿಚ್ಚುತ್ತೀರೇನೋ ಅಂತ ಹೆದರಿದ್ದೆ. ನಡೀರಿ, ನಡೀರಿ, ಇಬ್ಬರೂ ಹೊರಗೆ ಹೋಗಿ ಮಾತಾಡಿ. ನನಗೆ ಆಟ ಇದೆ.”