ಮೊದಲ ಪ್ರಸ್ತಾಪವನ್ನು ಒಪ್ಪದವನು

ಈ ಕಥೆಯ ಹುಡುಗ ಒಂದು ಸೋಮವಾರ, ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ, ಮೂರು ಯುದ್ಧ ನಿಲ್ಲಿಸಿದ. ಎರಡು ದ್ವೀಪಗಳನ್ನು ಅವುಗಳ ಒಡೆಯರಿಗೆ ವಾಪಸ್ ಕೊಡಿಸಿದ. ಇನ್ನೂ ಸಮಯ ಉಳಿಯಿತೆಂದು ಸಮುದ್ರದ ಮಧ್ಯೆ ಗೆರೆ ಎಳೆದು ಮೀನುಗಳಿಗೆಲ್ಲ ಪೌರತ್ವ ಹಂಚಿದ. ನಂಬುವುದಿಲ್ಲವೇ? ಇದೆಲ್ಲ ನಡೆದದ್ದು ಸ್ನಾತಕೋತ್ತರ ವಿಭಾಗದ ಎರಡನೇ ಮಹಡಿಯಲ್ಲಿ, ಸಂಧಾನದ ತರಗತಿಯ ಅಣಕು ಅಧಿವೇಶನದಲ್ಲಿ ಎಂಬುದನ್ನು ಹೇಳದೆ ಮುಂದೆ ಹೋಗೋಣವೆಂದುಕೊಂಡಿದ್ದೆ. ನೀವು ಬಿಡುವವರಲ್ಲ.

ಅಂದು ಮೇಜಿನ ಆಚೆ ಬದಿಗೆ ಶತ್ರುದೇಶವಾಗಿ ಕುಳಿತಿದ್ದ ಹುಡುಗಿ ಮಾತ್ರ ಒಂದು ಬಂದರನ್ನು ಹಿಡಿದುಕೊಂಡು ಕೂತುಬಿಟ್ಟಿದ್ದಳು.

"ಬಂದರು ನಮಗೆ ಬಿಟ್ಕೊಡಿ," ಎಂದ ಹುಡುಗ.

"ಆಗಲ್ಲ."

"ಹೋಗ್ಲಿ, ಅರ್ಧ."

"ಅರ್ಧ ಬಂದರು ತಗೊಂಡು ಅರ್ಧ ಹಡಗು ನಿಲ್ಲಿಸ್ತೀರಾ?"

ತರಗತಿ ಗೊಳ್ಳೆಂದಿತು. ಅವಳು ನಗಲಿಲ್ಲ. ಕೆಳತುಟಿಯನ್ನು ಹಲ್ಲಿನಡಿ ಸಿಕ್ಕಿಸಿಕೊಂಡು ನಗುವನ್ನು ಬಂಧನದಲ್ಲಿಟ್ಟಳು. ಅದು ಎಡಗೆನ್ನೆಯ ಗುಳಿಯಿಂದ ತಪ್ಪಿಸಿಕೊಂಡು ಹೊರಗೆ ಬಂತು. ಆ ಗುಳಿಯಲ್ಲಿ ಒಂದಿಡೀ ನೌಕಾಪಡೆ ಲಂಗರು ಹಾಕಬಹುದಿತ್ತು. ಹುಡುಗನ ಪಡೆ ಲಂಗರು ಹಾಕುವ ಮೊದಲೇ ಮುಳುಗಿತು.

ಅಂದಿನಿಂದ ಅವನಿಗೆ ರಾಯಭಾರಿ ಎಂದೂ ಅವಳಿಗೆ ಕೋಟೆ ಎಂದೂ ಹೆಸರು ಬಿತ್ತು.

ಸಂಧಾನ ಕಲಿಸುತ್ತಿದ್ದ ಮೇಷ್ಟ್ರು ವಿದೇಶಾಂಗ ಇಲಾಖೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಟೀ ಕುಡೀತೀರಾ ಎಂದು ಕೇಳಿದರೂ 'ನೋಡೋಣ' ಎನ್ನುವ ಮನುಷ್ಯ. ಅವರ ಪಾಠದ ಬೆನ್ನೆಲುಬು ಒಂದೇ. "ಮೊದಲನೇ ಪ್ರಸ್ತಾಪ ಯಾವತ್ತೂ ಒಪ್ಕೋಬೇಡಿ. ಎದುರಿನೋರು ಮೊದ್ಲು ಮುಂದಿಡೋದು ಮನಸ್ಸಿನಲ್ಲಿರೋದರ ಕಾಲು ಭಾಗ. ಬೇಡ ಅನ್ನಿ, ಸುಮ್ಮನೆ ಕೂತ್ಕೊಳ್ಳಿ. ಎರಡನೇದು ಬಂದೇ ಬರುತ್ತೆ." ರಾಯಭಾರಿ ಇದನ್ನು ಎಷ್ಟು ಮನಸ್ಸಿಟ್ಟು ಕಲಿತನೆಂದರೆ, ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಮೊದಲ ಟಿಕೆಟ್ಟನ್ನು ವಾಪಸ್ ಕೊಟ್ಟನಂತೆ. ಈ 'ಅಂತೆ'ಯನ್ನು ಹುಟ್ಟಿಸಿದವನು ನಾನೇ, ಇರಲಿ.

ಆದರೆ ಅವನು ಅವಳನ್ನು ಪ್ರೀತಿಸಿದ್ದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಅಷ್ಟು ಪ್ರೀತಿಗೆ ಬಣ್ಣ ಬಳಿಯುವ ಕೆಲಸ ನನಗೂ ಉಳಿದಿರಲಿಲ್ಲ. ಅವಳು ಯೋಚಿಸುವಾಗ ಪೆನ್ನಿನ ಕ್ಯಾಪು ಕಚ್ಚುತ್ತಿದ್ದಳು. ಯಾರಾದರೂ ಸುಳ್ಳು ಹೇಳಿದರೆ ಬಲಹುಬ್ಬು ಕೂದಲೆಳೆಯಷ್ಟು ಮೇಲೇರುತ್ತಿತ್ತು. ಅವನನ್ನು ನೋಡುವ ಮುನ್ನ ಯಾವಾಗಲೂ ಒಮ್ಮೆ ಕಿಟಕಿಯ ಕಡೆ ನೋಡುತ್ತಿದ್ದಳು, ಕಿಟಕಿ ನೋಡಲೆಂದೇ ತಿರುಗಿದವಳ ಹಾಗೆ. ಇಷ್ಟನ್ನು ಅವನು ಬಲ್ಲ. ಬಲ್ಲೆನೆಂದು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಲ್ಲರೂ ಮುಂದಿನ ಕೋರ್ಸುಗಳನ್ನು ಯೋಜಿಸಿ ಕಚೇರಿಗೆ ಕೊಡಬೇಕಿತ್ತು. ದಾರಿ ಎರಡು. ವಿದೇಶಾಂಗ ನೀತಿ ಹಿಡಿದವರು ಇಲ್ಲೇ ಇದ್ದು, ಒಂದು ಪರಭಾಷೆ ಕಲಿತು, ಕಡೆಯ ವರ್ಷ ಹೊರದೇಶಕ್ಕೆ ಹೋಗುತ್ತಾರೆ. ರಾಷ್ಟ್ರೀಯ ಭದ್ರತೆ ಹಿಡಿದವರು ಬೇರೊಂದು ಊರಿನ ಕ್ಯಾಂಪಸ್ಸಿಗೆ. ಅಲ್ಲಿ ಫೋನು ಗೇಟಿನಲ್ಲೇ ಉಳಿಯುತ್ತದೆ. ಅಲ್ಲಿಂದ ನೇರ ಇಲಾಖೆಯ ಕೆಲಸ. ಆ ಕೆಲಸದಲ್ಲಿರುವವರು ಹೊರದೇಶಗಳಲ್ಲಿ ಓಡಾಡುವವರ ಜೊತೆ ಒಡನಾಟ ಇಟ್ಟುಕೊಂಡರೆ ಮೇಲಿನವರ ಮುಖ ಗಂಟಾಗುತ್ತದೆ. ರಾಯಭಾರಿಯ ಒಲವು ಮೊದಲನೆಯದಕ್ಕೆ, ಕೋಟೆಯದು ಎರಡನೆಯದಕ್ಕೆ. ಈ ದಾರಿಯವನು ಆ ದಾರಿಯವಳನ್ನು ಮತ್ತೆ ನೋಡುವುದು ಕನಸಿನ ಮಾತು.

ನಡುವೆ ಒಂದು ಸಂದಿ ಇತ್ತು: ಜೋಡಿ ಪ್ರಬಂಧ. ಇಬ್ಬರು ಸೇರಿ ಒಂದೇ ಪ್ರಬಂಧ ಬರೆಯುವುದಾದರೆ, ಎರಡೂ ಕಡೆಯ ಕೋರ್ಸುಗಳನ್ನು ಹಂಚಿಕೊಂಡು, ಕಡೆಯವರೆಗೂ ಇಲ್ಲೇ, ಒಂದೇ ಮೇಜಿನಲ್ಲಿ ಉಳಿಯಬಹುದು. ಒಬ್ಬರು ಕೇಳಬೇಕು, ಇನ್ನೊಬ್ಬರು ಹೂಂ ಅನ್ನಬೇಕು, ಅಷ್ಟೇ. ಶುಕ್ರವಾರ ಐದು ಗಂಟೆಗೆ ಕಚೇರಿಯ ಕಿಟಕಿ ಮುಚ್ಚುತ್ತದೆ.

ಮಂಗಳವಾರ ಮಧ್ಯಾಹ್ನ ಇಬ್ಬರೂ ಗ್ರಂಥಾಲಯದಲ್ಲಿ, ಝೆರಾಕ್ಸ್ ಯಂತ್ರದ ಪಕ್ಕದ ಮೇಜಿನ ಮೇಲೆ ಕೋರ್ಸುಗಳ ವಿವರ ಹರಡಿಕೊಂಡು ಕುಳಿತಿದ್ದರು.

"ಅಣ್ವಸ್ತ್ರ ನೀತಿ ತಗೋತೀಯಾ?" ಎಂದ ರಾಯಭಾರಿ.

"ನೀನು?"

"ನಾನು ಮೊದ್ಲು ಕೇಳಿದ್ದು."

"ಅದಕ್ಕೇ ನೀನೇ ಮೊದ್ಲು ಹೇಳು."

"ಹೋಗ್ಲಿ, ಗಡಿ ವಿವಾದಗಳು?"

"ನಿನ್ನ ಮೊಣಕೈ ನನ್ನ ಕಡೆಗೆ ಬಂದಿದೆ. ಮೊದ್ಲು ಈ ವಿವಾದ ಬಗೆಹರಿಸು."

ಅವನು ಮೊಣಕೈ ತೆಗೆಯಲಿಲ್ಲ. ಅವಳೂ ತಳ್ಳಲಿಲ್ಲ. ಅವನ ಅಂಗಿಯ ತೋಳು, ಅವಳ ಸ್ವೆಟರಿನ ತೋಳು ತಾಗಿಕೊಂಡೇ ಇದ್ದವು. ಆ ಒಂದಿಷ್ಟು ಜಾಗದಲ್ಲಿ ಎಷ್ಟು ಕಾವಿತ್ತೆಂದರೆ ಪಕ್ಕದ ಯಂತ್ರ ಯಾರೂ ಮುಟ್ಟದೆಯೇ ಎರಡು ಹಾಳೆ ಉಗುಳಿತು.

ಅವಳು ಪೆನ್ನಿನ ಕ್ಯಾಪು ಕಚ್ಚಿದಳು. ಕಿಟಕಿಯ ಕಡೆ ನೋಡಿದಳು. ಆದರೆ ಈ ಸಲ ಅಲ್ಲಿಂದ ಅವನ ಕಡೆಗೆ ಬರಲಿಲ್ಲ, ಹಾಳೆಯ ಮೇಲೆ ಕಣ್ಣಿಟ್ಟಳು.

"ಜೋಡಿ ಪ್ರಬಂಧ ಅಂತ ಒಂದಿದೆಯಲ್ಲ. ನಾವಿಬ್ರು ಮಾಡಿದ್ರೆ ಹೇಗೆ?"

ಹೂಂ ಎಂಬುದು ರಾಯಭಾರಿಯ ನಾಲಿಗೆಯ ತುದಿಯಲ್ಲಿ ಕಾಲು ಜೋಡಿಸಿಕೊಂಡು ನಿಂತಿತ್ತು. ಅಷ್ಟರಲ್ಲಿ ತಲೆಯೊಳಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಇದು ಮೊದಲನೇ ಪ್ರಸ್ತಾಪ. ಬರೀ ಪ್ರಬಂಧ. ಕಾಲು ಭಾಗ. ತಡೆದು ನಿಂತರೆ ಉಳಿದ ಮುಕ್ಕಾಲೂ ಬರುತ್ತದೆ, ಅವಳ ಬಾಯಿಂದಲೇ ಬರುತ್ತದೆ.

"ಜೋಡಿನಾ? ತಲೆನೋವು ಅದು," ಎಂದ. "ನೋಡೋಣ. ನಂಗೆ ಬೇರೆ ಪ್ಲಾನ್ ಇದೆ."

ಹೇಳಿ, ಕೈಕಟ್ಟಿಕೊಂಡು, ಎರಡನೆಯದಕ್ಕೆ ಕಾದ.

ಅವಳು ಆಗ ತಲೆಯೆತ್ತಿದಳು. ಬಸ್ಸು ಹೋಯಿತೇ ಎಂದು ಗಡಿಯಾರ ನೋಡುವವರ ಹಾಗೆ ಅವನ ಮುಖ ನೋಡಿದಳು. "ಸರಿ ಬಿಡು," ಎಂದಳು. ಪೆನ್ನಿಗೆ ಕ್ಯಾಪು ಹಾಕಿದಳು. ತೋಳನ್ನು ತನ್ನ ಕಡೆಗೆ ಎಳೆದುಕೊಂಡಳು.

ರಾಯಭಾರಿ ಗೆದ್ದವನಂತೆ ಮನೆಗೆ ಹೋದ.

ಅವನು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ ಮಾಡಿಕೊಡುವವಳು. ಮುಂಗೋಣೆಯ ಮೇಜಿನ ತುಂಬ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕುಳಿತು, ಮನೆಗೆ ಬಂದವರನ್ನೆಲ್ಲ ನೋಡಿ ನಗುತ್ತಿದ್ದವು.

"ಅವಳೇ ಕೇಳಿದ್ಲು ಅಕ್ಕ."

"ನೀನೇನಂದೆ?"

"ತಲೆನೋವು ಅಂದೆ."

ಅಕ್ಕ ಉಜ್ಜುವ ಯಂತ್ರ ನಿಲ್ಲಿಸಿದಳು. "ಅಂದ್ರೆ ಬೇಡ ಅಂದೆ."

"ಬೇಡ ಅನ್ಲಿಲ್ಲ. ಮೊದಲನೇ ಪ್ರಸ್ತಾಪ ತಳ್ಳಿಹಾಕ್ದೆ. ಅದು ತಂತ್ರ."

"ನಮ್ಮಂಥೋರು ಅದನ್ನ ಬೇಡ ಅಂತಾನೇ ಅಂತೀವಪ್ಪ."

"ನಿಂಗೆ ಇದೆಲ್ಲ ಗೊತ್ತಾಗಲ್ಲ ಕಣೇ."

"ಲೋ, ಆ ಹುಡುಗಿ ನಿನ್ನ ಹತ್ರ ಬಂದರು ಕೇಳಿದ್ಲಾ? ನಿಮ್ಮ ಭಾವ ಕೇಳಿದಾಗ ನಾನೂ ನೋಡೋಣ ಅಂದಿದ್ರೆ ಇವತ್ತು ಒಬ್ಬಳೇ ಕೂತು ಹಲ್ಲು ಉಜ್ಜುತಾ ಇರ್ತಿದ್ದೆ."

"ಈಗ್ಲೂ ಒಬ್ಬಳೇ ಕೂತು ಉಜ್ಜುತಿದೀಯಲ್ಲ."

"ಅವರು ಒಳಗೆ ಪಾತ್ರೆ ತೊಳೀತಿದಾರೆ. ಫೋನ್ ಮಾಡು ಅವಳಿಗೆ. ಈಗ್ಲೇ ಮಾಡು, ನನ್ನೆದುರಿಗೆ."

ಅವನು ಫೋನು ತೆಗೆದ. 'ನಿನ್ನ ಜೊತೆ' ಎಂದು ಬರೆದ, ಅಳಿಸಿದ. 'ಮಂಗಳವಾರ ನಾನು' ಎಂದು ಬರೆದ, ಅಳಿಸಿದ. ಮೌನವನ್ನು ಮೊದಲು ಮುರಿದವನ ಕೈ ಕೆಳಗಾಗುತ್ತದೆ ಎಂಬುದು ಇನ್ನೊಂದು ಪಾಠ. ಫೋನು ಜೇಬಿಗೆ ಹೋಯಿತು. ದವಡೆಗಳು ನಗುತ್ತಲೇ ಇದ್ದವು.

ಬುಧವಾರ ಅವಳು ಗ್ರಂಥಾಲಯಕ್ಕೆ ಬರಲಿಲ್ಲ. ಗುರುವಾರ ಕಾರಿಡಾರಿನಲ್ಲಿ ಎದುರಾದಳು. ಅವನು ರಾಯಭಾರಿಗಳು ವಿಮಾನ ನಿಲ್ದಾಣದಲ್ಲಿ ಮಾಡುವಂತೆ ತಲೆ ಬಾಗಿಸಿದ. ಅವಳು ಕಿಟಕಿಯ ಕಡೆ ನೋಡಲೇ ಇಲ್ಲ. ನೇರ ನಡೆದು ಹೋದಳು.

ಅಲ್ಲಿಗೆ ಅವನ ಕಾಲಡಿಯ ನೆಲ ಸಡಿಲವಾಯಿತು. ತರಗತಿಯಲ್ಲಿ ಅವಳ ಕುರ್ಚಿ, ಕುರ್ಚಿಯ ಮೇಲೆ ಯಾರದೋ ಛತ್ರಿ. ಇನ್ನು ಮುಂದೆ ಎಲ್ಲ ತರಗತಿಗಳೂ ಹೀಗೇ ಇರುತ್ತವೆ ಎಂದು ಅವನಿಗೆ ತಟ್ಟನೆ ಹೊಳೆಯಿತು. ಗಡಿ ವಿವಾದಗಳಲ್ಲಿ ಅವಳಿಲ್ಲ. ಅಣ್ವಸ್ತ್ರ ನೀತಿಯಲ್ಲಿ ಅವಳಿಲ್ಲ. ಆಮೇಲೆ ಯಾವುದೋ ದೇಶ, ಯಾವುದೋ ಬೀದಿ, ಅಲ್ಲೂ ಇಲ್ಲ. ಸಂಜೆ ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿದ.

"ಸರ್, ಎರಡನೇ ಪ್ರಸ್ತಾಪ ಬರ್ಲೇ ಇಲ್ಲ ಅಂದ್ರೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಬರ್ಲಿಲ್ಲ ಅಂದ್ರೆ, ಮೊದಲನೇದರಲ್ಲೇ ಅವರು ಎಲ್ಲಾನೂ ಇಟ್ಟಿದ್ರು ಅಂತ ಅರ್ಥ ಕಣಯ್ಯ."

"ಆಗೇನು ಮಾಡೋದು ಸರ್?"

"ಅದನ್ನ ನಾನು ಕಲಿಸಲ್ಲ. ನಂಗೆ ಬರಲ್ಲ."

ಅವರ ಮೇಜಿನ ಮೇಲೆ ಒಂದು ಟೀ ಕಪ್ಪಿತ್ತು. ಆ ಕೋಣೆಯಲ್ಲಿ ಎರಡನೇ ಕಪ್ಪು ಇದ್ದಂತೆ ಕಾಣಲಿಲ್ಲ.

ಶುಕ್ರವಾರ ರಾಯಭಾರಿ ಕಚೇರಿಗೆ ಓಡಿದ. ಎಷ್ಟು ವೇಗವಾಗಿ ಓಡಿದನೆಂದರೆ ಅವನ ನೆರಳು ತಿರುವಿನಲ್ಲಿ ಹಿಂದೆ ಬಿದ್ದು, ಆಮೇಲೆ ವಿಳಾಸ ಕೇಳಿಕೊಂಡು ಬಂತು. ಕಾರಿಡಾರಿನ ಕೊನೆಯಲ್ಲಿ ಕಚೇರಿಯ ಕಿಟಕಿ ತೆರೆದಿತ್ತು. ಅದರ ಪಕ್ಕದಲ್ಲಿ, ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೋಟೆ ನಿಂತಿದ್ದಳು.

"ಕೊಟ್ಟೆ," ಎಂದಳು. "ಭದ್ರತೆ. ಅಮ್ಮನಿಗಂತೂ ಖುಷಿಯೋ ಖುಷಿ. ಬಸ್ ಓಡಿಸ್ತಾ ಪ್ಯಾಸೆಂಜರಿಗೆಲ್ಲ ಹೇಳ್ತಿದಾಳಂತೆ, ಮಗಳಿಗೆ ಸರ್ಕಾರಿ ಕೆಲಸ ಅಂತ. ಭಾನುವಾರ ಹೊರಡ್ತೀನಿ."

ಅವನು ಉಸಿರು ಹುಡುಕುತ್ತಿದ್ದ.

ಅವಳು ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಅವನನ್ನು ನೋಡಿದಳು. "ಐದು ಗಂಟೆವರೆಗೂ ವಾಪಸ್ ತಗೋಬಹುದಂತೆ. ಕಿಟಕಿಯೋರು ಹೇಳಿದ್ರು."

ಬಂತು ನೋಡಿ. ಎರಡನೇ ಪ್ರಸ್ತಾಪ. ಅವಳ ಬಾಯಿಂದಲೇ.

ಆಗ ರಾಯಭಾರಿ ಮಾತನಾಡಿದ. ಏನು ಮಾತು ಅದು. ಕಿಟಕಿಯಲ್ಲಿದ್ದ ಗುಮಾಸ್ತೆಯ ಕಣ್ಣೀರು ಮೊಹರಿನ ಮೇಲೆ ಬಿದ್ದು, ಅಂದು ಕೊಟ್ಟ ಯೋಜನೆಗಳೆಲ್ಲ ತೇಲಿಹೋದವು. ಮೇಷ್ಟ್ರು ಕೋಣೆಯಿಂದ ಓಡಿಬಂದು ಜೀವನದಲ್ಲಿ ಮೊದಲ ಸಲ 'ಆಗಲಿ' ಎಂದರು. ಕೋಟೆಯ ಪೆಟ್ಟಿಗೆ ಕೆಳಗೆ ಬಿತ್ತು, ಕಣ್ಣು ತುಂಬಿತು, ಗುಳಿಯೂ ತುಂಬಿತು. ಮದುವೆಗೆ ನಲವತ್ತು ದೇಶದ ರಾಯಭಾರಿಗಳು ಬಂದರು, ಯುದ್ಧದಲ್ಲಿದ್ದವರು ಕೂಡ ಅಕ್ಕಪಕ್ಕ ಕೂತು ಉಂಡರು, ಆ ಜೋಡಿ ಪ್ರಬಂಧ...

ಏನೆಂದ, ಎಂದು ಕೇಳುತ್ತೀರಾ? ಇಷ್ಟೆಲ್ಲ ಆದ ಮೇಲೆ ಅವನಾಡಿದ ಮಾತಿನ ಒಂದು ಸಾಲಾದರೂ ಹೇಳು ಎನ್ನುತ್ತೀರಾ?

ಒಂದು ಸಾಲು. ಹುಡುಕುತ್ತಿದ್ದೇನೆ, ತಾಳಿ. ಮೂರು ಯುದ್ಧ ನಿಲ್ಲಿಸಿದವನ ಬಾಯಿಗೆ ಒಂದು ಸಾಲು ಇಡಲು ನನಗೆ ಆಗುತ್ತಿಲ್ಲ. ಇಟ್ಟರೂ ನೀವು ನಂಬುವುದಿಲ್ಲ.

ಸಿಕ್ಕಿಬಿದ್ದೆ. ನಡೆದದ್ದನ್ನೇ ಹೇಳುತ್ತೇನೆ.

ಅವನು ಬಾಯಿ ತೆರೆದ. ಇಷ್ಟು ದಿನ ಬೇಕು ಎಂಬುದನ್ನು ಬಚ್ಚಿಡುವುದನ್ನೇ ಕಲಿತ ನಾಲಿಗೆ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಯಿತು.

"ಒಳ್ಳೆ ನಿರ್ಧಾರ," ಎಂದ. "ಅಲ್ಲಿ ನಿಂಗೆ ಚೆನ್ನಾಗಿರುತ್ತೆ."

ಅವಳ ಹುಬ್ಬು ಕೂದಲೆಳೆಯಷ್ಟು ಮೇಲೇರಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಇಳಿಯಿತು.

"ಮಂಗಳವಾರ ನಾನು ಕೇಳಿದ್ದು ಬರೀ ಪ್ರಬಂಧ ಅಲ್ಲ," ಎಂದಳು ಮೆಲ್ಲಗೆ. "ಅದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಆ ಇಡೀ ಸೆಮಿಸ್ಟರಿನಲ್ಲಿ ಅವನು ಅವಳಿಗೆ ನೇರವಾಗಿ ಹೇಳಿದ ಮಾತು ಅದೊಂದೇ. ಗೊತ್ತಿರಲಿಲ್ಲ ಎಂದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಅವಳ ಮುಖದಲ್ಲಿ ಅದುವರೆಗೆ ಹಿಡಿದುಕೊಂಡಿದ್ದದ್ದು ಏನೋ ಕೈಬಿಟ್ಟಿತು. ಅದನ್ನು ಅವನು ನೋಡಿದ. ನೋಡುತ್ತಲೇ ನಿಂತ. ಗಡಿಯಾರದಲ್ಲಿ ಇನ್ನೂ ಸಮಯವಿತ್ತು, ಗುಮಾಸ್ತೆ ಇನ್ನೂ ಕಿಟಕಿಯಲ್ಲಿದ್ದಳು, ಒಂದು ಮಾತಿಗೆ ಬೇಕಾದಷ್ಟು ಗಾಳಿ ಎದೆಯಲ್ಲಿತ್ತು.

ಅವಳು ಪೆಟ್ಟಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಮೆಟ್ಟಿಲ ಕಡೆಗೆ ತಿರುಗಿದಳು. ಅಲ್ಲಿನ ಗಾಜಿನ ಬಾಗಿಲು ಮುಚ್ಚಿತ್ತು.

"ಬಾಗಿಲು ತೆಗೀತೀಯಾ?" ಎಂದಳು. "ಕೈ ಖಾಲಿ ಇಲ್ಲ."

ಅದಕ್ಕೆ ಅವನು ತಕ್ಷಣ ಒಪ್ಪಿದ. ಬಾಗಿಲು ತೆಗೆದು, ಅವಳು ಹಾದುಹೋಗಲು ಜಾಗ ಬಿಟ್ಟು, ಕೆಳಗಿನ ಮಹಡಿಯಲ್ಲಿ ಅವಳ ಹೆಜ್ಜೆ ಕೇಳದಾಗುವವರೆಗೂ ಹಿಡಿದುಕೊಂಡು ನಿಂತ. ಹಿಂದೆ ಗುಮಾಸ್ತೆ ಕಿಟಕಿ ಎಳೆದುಕೊಂಡಳು.